ಕಾಗಿಣಾ ದಂಡೆಯ ಹೊಲ

"ಅಕ್ಕಾ, ಹೊಳಿ ದಂಡಿ ಹೊಲಕ್ಕ ಒಬ್ಬರು ಗಿರಾಕಿ ಬಂದಾರ. ಎಳ್ಳ ಅಮಾಸಿಗಿ ನೀ ಬಾ. ನಿನ್ನ ಸಹಿ ಬೇಕಾಗ್ತದ" ಎಂದು ಮಳಖೇಡದಿಂದ ತಮ್ಮ ಫೋನ್ ಮಾಡಿದ. ಬೆಂಗಳೂರಿನಿಂದ ರಜೆಗೆಂದು ನನ್ನ ಹತ್ತಿರ ಕಲಬುರಗಿಗೆ ಬಂದಿದ್ದ ಮೊಮ್ಮಗಳು ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡಳು. ಅವಳು ಆರನೆಯ ತರಗತಿ.

"ಅಜ್ಜಿ, ಹೊಲ ಮಾಡೋರು ತಾತ ಅಲ್ವಾ? ನಿಮ್ಮ ಸಹಿ ಯಾಕೆ?"

"ಹೊಲ ನಮ್ಮ ಅಪ್ಪನದು, ಪುಟ್ಟಿ. ಅಪ್ಪನ ಆಸ್ತಿಯಲ್ಲಿ ಮಗನಿಗೆ ಎಷ್ಟು ಪಾಲೋ ಮಗಳಿಗೂ ಅಷ್ಟೇ ಪಾಲು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ದೇಶಕ್ಕೆಲ್ಲ ಇದೇ ನಿಯಮ."

ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನೀವು ಬೇಡ ಅಂದ್ರೆ ಮಾರೋ ಹಾಗಿಲ್ಲ" ಎಂದಳು. ಆ ಮಾತು ನನ್ನ ಎದೆಯಲ್ಲಿ ಉಳಿದುಬಿಟ್ಟಿತು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಇತರರಿಂದ ಸಹಿ ಹಾಕಿಸಿಕೊಂಡವಳು ನಾನು. ನನ್ನ ಒಂದು ಸಹಿ ಇಷ್ಟು ಭಾರವಾದದ್ದು ಅದೇ ಮೊದಲು.

ಕಲಬುರಗಿಯಿಂದ ಮಳಖೇಡಕ್ಕೆ ಸುಮಾರು 40 ಕಿಲೋಮೀಟರು. ಸೇಡಂ ಬಸ್ಸು ಹತ್ತಿದೆವು. ಊರು ದಾಟಿದ ಕೂಡಲೇ ಎರಡೂ ಕಡೆ ತೊಗರಿ ಹೊಲ. ಕಾಯಿ ಬಲಿತು ಗಿಡಗಳು ಕಂದು ಬಣ್ಣಕ್ಕೆ ತಿರುಗಿದ್ದವು. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತಾರಲ್ಲ, ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿ.ಐ. ಗುರುತೂ ಸಿಕ್ಕಿದೆ. ನಡುನಡುವೆ ಹಾಲು ತುಂಬಿದ ಬಿಳಿ ಜೋಳ. ಮುಂದೆ ಹೋದ ಹಾಗೆ ಸಿಮೆಂಟು ಲಾರಿಗಳ ಸಾಲು, ದೂರದಲ್ಲಿ ಕಾರ್ಖಾನೆಯ ಎತ್ತರದ ಚಿಮಣಿ.

"ಇಲ್ಲಿ ಯಾಕೆ ಇಷ್ಟೊಂದು ಸಿಮೆಂಟು ಕಾರ್ಖಾನೆ?" ಎಂದು ಕೇಳಿದಳು.

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಈ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲು. ಅದು ಪುಸ್ತಕದ ಹಾಳೆಗಳ ಹಾಗೆ ಪದರು ಪದರಾಗಿ ಕೂತಿದೆ. ಹಾರೆ ಹಾಕಿ ಎಬ್ಬಿಸಿದರೆ ಚಪ್ಪಟೆ ಹಾಸುಗಲ್ಲು ಏಳುತ್ತದೆ. ಅದೇ ಮನೆಗಳಿಗೆ ಹಾಸುವ ಶಹಾಬಾದ್ ಫರ್ಸಿ. ಅದೇ ಜಾತಿಯ ಕಲ್ಲನ್ನು ಪುಡಿ ಮಾಡಿ, ಜೇಡಿಯಂಥ ಮಣ್ಣು ಸೇರಿಸಿ, ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಟ್ಟು, ಮತ್ತೆ ಅರೆದರೆ ಸಿಮೆಂಟು. ನಮ್ಮ ಕಲ್ಲಿನಿಂದಲೇ ಎಲ್ಲೆಲ್ಲಿಯೋ ಮನೆಗಳು ಏಳುತ್ತವೆ ಎಂದಾಗ ಅವಳು ಚಿಮಣಿಯನ್ನು ಇನ್ನೊಮ್ಮೆ ತಿರುಗಿ ನೋಡಿದಳು.

ಬಸ್ಸು ಮಳಖೇಡದ ಸೇತುವೆಯ ಮೇಲೆ ಬಂತು. ಕೆಳಗೆ ಕಾಗಿಣಾ. ಬಂಡೆಗಳ ನಡುವೆ ತಿಳಿನೀರು ನಿಧಾನಕ್ಕೆ ಹರಿಯುತ್ತಿತ್ತು. ಒಂದೆರಡು ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿದ್ದವು.

"ಇಷ್ಟೇನಾ ನದಿ?" ಎಂದಳು ಮೊಮ್ಮಗಳು. ನಾನು ಏನೂ ಹೇಳಲಿಲ್ಲ.

ಮನೆಯಲ್ಲಿ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ ಅಕ್ಕಾ, ಬಾ ಅವ್ವಿ" ಎಂದು ಕರೆದು, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಎಣ್ಣೆ ಹಾಕಿ ಕೊಟ್ಟಳು. ಬೆಂಗಳೂರಿನಲ್ಲಿ ನಾನು ಅಜ್ಜಿ. ಮಳಖೇಡದ ಹೊಸ್ತಿಲು ದಾಟಿದರೆ ಆಯಿ ಆಗುತ್ತೇನೆ, ತಮ್ಮ ಮುತ್ಯಾ ಆಗುತ್ತಾನೆ. ಸಂಜೆಯೊಳಗೆ ಮೊಮ್ಮಗಳ ಬಾಯಲ್ಲೂ ಅದೇ ಬಂತು.

ನಮ್ಮದು ಕಲ್ಲು ಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆ. ಬೇಸಿಗೆಯಲ್ಲಿ ಹೊರಗೆ ಬೆಂಕಿ ಸುರಿದರೂ ಪಡಸಾಲೆಯ ಫರ್ಸಿ ತಣ್ಣಗಿರುತ್ತದೆ. ಆದರೆ ಮಾಳಿಗೆ ಸೋರತೊಡಗಿ ಮೂರು ಮಳೆಗಾಲವಾಯಿತು. ತೊಲೆಯೊಂದು ಬಾಗಿದೆ. ತಮ್ಮ ಹೊಲ ಮಾರಲು ಹೊರಟದ್ದಕ್ಕೆ ಅದೇ ಕಾರಣ. ಅವನು ಆಸೆಬುರುಕನಲ್ಲ. ಮಳೆ ಬಂದ ರಾತ್ರಿ ಪಾತ್ರೆ ಇಟ್ಟು ಎಚ್ಚರವಿರುವವರಿಗೆ ಮಾತ್ರ ಆ ಕಷ್ಟ ಗೊತ್ತು.

ರಾತ್ರಿ ತಮ್ಮ ತಗಡಿನ ಪೆಟ್ಟಿಗೆ ಇಳಿಸಿದ. ಅದರಲ್ಲಿ ನಮ್ಮ ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ, ಹೊಲ ಕೊಂಡ ಕಾಗದವಿತ್ತು. ಪೂರ್ತಿ ಉರ್ದು. ಮೊಮ್ಮಗಳಿಗೆ ಆಶ್ಚರ್ಯ. ಈ ಭಾಗ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಬರವಣಿಗೆ ಉರ್ದು, ನಡೆಯುವ ನಾಣ್ಯ ಹಾಲಿ ಸಿಕ್ಕಾ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದು ಶಾಲೆಯಲ್ಲಿ ಓದಿದ ನನ್ನ ಅಪ್ಪ ಆ ಕಾಗದದ ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಕನ್ನಡ ಬರೆದಿಟ್ಟಿದ್ದರು. ಮೂರು ಎಕರೆ ಇಪ್ಪತ್ತು ಗುಂಟೆ. ಬೆಲೆ 140 ಹಾಲಿ ರೂಪಾಯಿ.

"ಒಂದು ಎಕರೆಗೆ ಎಷ್ಟು ಗುಂಟೆ?" ಎಂದು ತಮ್ಮ ಅವಳನ್ನು ಪರೀಕ್ಷಿಸಿದ.

ಅವಳಿಗೆ ಗೊತ್ತಿರಲಿಲ್ಲ. ಮಕ್ಕಳೇ, ನೀವೂ ನೆನಪಿಟ್ಟುಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಮೂರು ನಲವತ್ತು ನೂರಾ ಇಪ್ಪತ್ತು, ಇನ್ನೊಂದು ಇಪ್ಪತ್ತು, ನೂರಾ ನಲವತ್ತು ಗುಂಟೆ. ಅಯ್ಯೋ, ಗುಂಟೆಗೆ ಒಂದೇ ರೂಪಾಯಿ!"

ಆ ಕಾಗದದಲ್ಲಿ ಹೊಲದ ಚಕ್ಕುಬಂದಿಯೂ ಇತ್ತು. ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಗಡಿ. ಒಂದು ಕಡೆ ಬಂಡಿ ದಾರಿ, ಎರಡು ಕಡೆ ನೆರೆಯವರ ಹೊಲ, ನಾಲ್ಕನೆಯ ಕಡೆ ಕಾಗಿಣಾ ಹೊಳೆ. ಇಂದಿನ ಕ್ರಯಪತ್ರದಲ್ಲೂ ಇದು ಇರಲೇಬೇಕು.

"ಇದೇನು ನಿಜಾಮರು ಮಾಡಿದ್ದಲ್ಲ" ಎಂದೆ. "ಇದೇ ಮಳಖೇಡದಿಂದ ಸಾವಿರ ವರ್ಷದ ಹಿಂದೆಯೂ ಇಂಥ ಪತ್ರಗಳು ಹೊರಡುತ್ತಿದ್ದವು, ತಾಮ್ರದ ಮೇಲೆ."

ಮರುದಿನ ಬೆಳಿಗ್ಗೆ ಅವಳನ್ನು ಕೋಟೆಗೆ ಕರೆದುಕೊಂಡು ಹೋದೆ. ಮಳಖೇಡದ ಹಳೆಯ ಹೆಸರು ಮಾನ್ಯಖೇಟ. ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಇಲ್ಲಿಂದ ರಾಜ್ಯವಾಳಿದ. 814ರಲ್ಲಿ ಪಟ್ಟಕ್ಕೆ ಬಂದವನು ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಅವನ ಆಸ್ಥಾನದ ಶ್ರೀವಿಜಯ ಬರೆದ 'ಕವಿರಾಜಮಾರ್ಗ' ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಅರಬ್ ವ್ಯಾಪಾರಿ ಸುಲೈಮಾನ್ ಈ ವಂಶದ ಅರಸನನ್ನು ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿದ್ದ.

ಅಮೋಘವರ್ಷ 871ರಲ್ಲಿ ಹೊರಡಿಸಿದ ಒಂದು ಭೂದಾನದ ತಾಮ್ರಶಾಸನ ದೂರದ ಸಂಜಾಣದಲ್ಲಿ ಸಿಕ್ಕಿದೆ. ಮಾನ್ಯಖೇಟದಲ್ಲಿ ಕುಳಿತು ಕೊಟ್ಟ ದಾನ ಅದು. ದಾನ ಕೊಟ್ಟ ಊರು ಯಾವುದು, ಯಾರಿಗೆ ಕೊಟ್ಟದ್ದು, ನಾಲ್ಕು ದಿಕ್ಕಿಗೆ ಏನೇನು ಗಡಿ ಎಂದು ಅದರಲ್ಲಿ ಕೊರೆದಿದೆ. ಪ್ರಜೆಗಳಿಗೆ ಬಂದ ಕೇಡು ತೊಲಗಲೆಂದು ಈ ರಾಜ ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದ ಎಂದು ಹೇಳುವುದೂ ಅದೇ ಶಾಸನ. ಆ ಕಾಲದ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ: ಕೊಟ್ಟ ಭೂಮಿಯನ್ನು ಕಸಿದವನು ಹುಳುವಾಗಿ ಹುಟ್ಟುತ್ತಾನೆ ಎಂದು. ಮೊಮ್ಮಗಳಿಗೆ ಬೆರಳಿಗಿಂತ ಹುಳುವಿನ ಮಾತೇ ಹೆಚ್ಚು ಹಿಡಿಸಿತು.

ಕೋಟೆಯ ಗೋಡೆಯ ಕಲ್ಲನ್ನು ಅವಳು ಕೈಯಿಂದ ಸವರಿದಳು. ನಮ್ಮ ಮನೆಯ ಕಲ್ಲಿನ ಬಣ್ಣವೇ. ಕೋಟೆಯ ಪಕ್ಕದಲ್ಲಿ ಹೊಳೆ, ಸುತ್ತ ಮನೆಗಳು, ಕುರಿ ಕಾಯುವ ಹುಡುಗ, ಬಟ್ಟೆ ಒಗೆಯುವ ಸದ್ದು. ಹಳೆಯ ನೇಮಿನಾಥ ಬಸದಿಗೆ ಹೋಗಿ ಬಂದೆವು. ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರನ್ನು ನೆನೆದು ಹೊಳೆದಂಡೆಯ ಉತ್ತರಾದಿ ಮಠಕ್ಕೆ ಬಂದ ದೂರದೂರಿನ ಭಕ್ತರು ದಾರಿಯಲ್ಲಿ ಸಿಕ್ಕರು.

"ಇಷ್ಟು ದೊಡ್ಡ ರಾಜಧಾನಿ ಏನಾಯ್ತು?"

972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಬಂದು ಲೂಟಿ ಮಾಡಿದ. ಮರುವರ್ಷ ಚಾಲುಕ್ಯರ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನೇ ಮುಗಿಸಿದ. ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಅರಮನೆ ಹೋಯಿತು, ಬೊಕ್ಕಸ ಹೋಯಿತು. ಹೊಳೆ ಮಾತ್ರ ಇಲ್ಲೇ ಇದೆ, ಜೋಳ ಬಿತ್ತುವವರೂ ಇಲ್ಲೇ ಇದ್ದಾರೆ.

ಎಳ್ಳ ಅಮಾವಾಸ್ಯೆಯ ದಿನ ಬುಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೊರಟೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಹಸಿ ಕಾಳುಗಳನ್ನೆಲ್ಲ ಕೂಡಿಸಿ ಮಾಡಿದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ಈ ದಿನ ಭೂಮಿತಾಯಿ ಬಸುರಿ ಎಂಬುದು ನಮ್ಮ ನಂಬಿಕೆ. ಬಸುರಿಗೆ ಬಯಕೆಯ ಊಟ ಬಡಿಸುವಂತೆ ಹೊಲದ ನಾಲ್ಕೂ ಕಡೆ ಅಡುಗೆ ಚೆಲ್ಲುತ್ತೇವೆ. ಅದೇ ಚರಗ. ಮೊಮ್ಮಗಳು ತಮ್ಮನ ಹಿಂದೆ ಹಿಂದೆ ನಡೆದು ಚರಗ ಚೆಲ್ಲಿದಳು. ಬಂಡಿ ದಾರಿಯ ಕಡೆ, ನೆರೆಯವರ ಬದುವಿನ ಕಡೆ, ಕೊನೆಗೆ ಹೊಳೆಯ ಕಡೆ. ಚಕ್ಕುಬಂದಿಯನ್ನು ಅವಳು ಕಾಲಿನಿಂದ ಕಲಿತಳು.

ಊಟದ ಹೊತ್ತಿಗೆ ಗಿರಾಕಿ ಬಂದರು. ಹೊರಗಿನ ಊರಿನವರು, ನಯವಾದ ಮನುಷ್ಯ. ನಮ್ಮ ಜೊತೆ ಕೆಳಗೇ ಕುಳಿತು ಭಜ್ಜಿ ಪಲ್ಯ ಕೇಳಿ ಹಾಕಿಸಿಕೊಂಡರು. ಕೋಟೆ ನೋಡಲು ಬರುವವರಿಗೆ ಹೊಳೆದಂಡೆಯಲ್ಲಿ ನಾಲ್ಕು ಕೋಣೆ ಕಟ್ಟಿಸಬೇಕು, ತಾವೂ ವಯಸ್ಸಾದ ಕಾಲಕ್ಕೆ ಇಲ್ಲೇ ಇರಬೇಕು ಎಂಬ ಆಸೆ ಅವರದು. ಮೊದಲಾದರೆ ರೈತರಲ್ಲದವರು ಕರ್ನಾಟಕದಲ್ಲಿ ಸಾಗುವಳಿ ಜಮೀನು ಕೊಳ್ಳುವುದು ಕಷ್ಟವಿತ್ತು. 2020ರಲ್ಲಿ ಭೂ ಸುಧಾರಣೆ ಕಾಯ್ದೆ ಬದಲಾದ ಮೇಲೆ ಆ ತಡೆ ಹೋಯಿತು. ಅವರು ಕೇಳಿದ್ದು ಹೊಳೆಗೆ ಹತ್ತಿಕೊಂಡಿರುವ ಕೆಳಗಿನ ಒಂದೂವರೆ ಎಕರೆ. ಹೇಳಿದ ಬೆಲೆಯೂ ಚೆನ್ನಾಗಿತ್ತು. ಅಷ್ಟರಲ್ಲಿ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಬಹುದು, ಉಳಿದದ್ದು ತಮ್ಮನ ಮಗಳ ಓದಿಗಾಗುತ್ತದೆ.

ಹೊಳೆಯ ಮೇಲಿನಿಂದ ತಂಪು ಗಾಳಿ ಬೀಸುತ್ತಿತ್ತು. ಕೊಕ್ಕರೆಗಳು ಇಳಿದಿದ್ದವು. ಆ ದಿನ ಆ ಜಾಗ ನೋಡಿದ ಯಾರೇ ಆಗಲಿ ಕೊಳ್ಳಬೇಕೆಂದೇ ಅಂದುಕೊಳ್ಳುತ್ತಿದ್ದರು.

ಒಂದು ಸಂಗತಿ ನಾನು ಗಮನಿಸಿದ್ದೆ. ಕೆಳಗಿನ ಹೊಲದ ಮೋಟರ್ ಮನೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಆ ಗೋಡೆಯ ಮೇಲೆ ಒಂದು ಕಂದು ಗೆರೆ ಇದ್ದದ್ದು ನನಗೆ ಗೊತ್ತು, ನನ್ನ ತಲೆಗಿಂತ ಎತ್ತರಕ್ಕೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಮುಳುಗಿ ಸೇಡಂ ರಸ್ತೆ ಬಂದ್ ಆದಾಗ ನೀರು ಬರೆದ ಗೆರೆ ಅದು. ತಮ್ಮನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ. ಸೋರುವ ಮಾಳಿಗೆ ನನ್ನ ಕಣ್ಣ ಮುಂದೆಯೇ ಇತ್ತು. ಕೇಳಿದರೆ ಹೇಳೋಣ, ಕೇಳದಿದ್ದರೆ ನಾವೇಕೆ ಹೇಳಬೇಕು ಎಂದು ಒಳಗೊಳಗೇ ಅಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಆಗ ಮೊಮ್ಮಗಳು ದಂಡೆಯ ಜಾಲಿ ಗಿಡ ತೋರಿಸಿ ಕೇಳಿದಳು: "ಮುತ್ಯಾ, ಅಷ್ಟು ಮೇಲೆ ಕೊಂಬೆಯಲ್ಲಿ ಹುಲ್ಲು, ಗೋಣಿಚೀಲ ಎಲ್ಲಾ ಯಾರು ಇಟ್ಟರು?"

ಯಾರೂ ಮಾತಾಡಲಿಲ್ಲ. ಗಿರಾಕಿ ಎದ್ದು ಹೋಗಿ ಗಿಡದ ಕೆಳಗೆ ನಿಂತು ಮೇಲೆ ನೋಡಿದರು. ಒಣಗಿದ ಜೊಂಡು, ಹರಿದ ಚೀಲ, ಒಂದು ಹಳೆಯ ಚಪ್ಪಲಿ, ಎಲ್ಲ ಒಂದೇ ಮಟ್ಟದಲ್ಲಿ ಸಿಕ್ಕಿಕೊಂಡಿದ್ದವು.

"ಹೊಳಿ ಇಟ್ಟಾಳವ್ವಿ" ಎಂದ ತಮ್ಮ ಕೊನೆಗೆ. "ಇದು ಈ ವರ್ಷದ್ದು." ಒಂದು ಕ್ಷಣ ಸುಮ್ಮನಿದ್ದು, ತಾನೇ ಮೋಟರ್ ಮನೆಯ ಹತ್ತಿರ ಹೋಗಿ ಸುಣ್ಣ ಬಳಿದ ಗೋಡೆಯ ಮೇಲೆ ಕೈ ಎತ್ತಿ ಇಟ್ಟ. "2020ರಾಗ ಇಲ್ಲಿ ತನಕ ಬಂದಿತ್ರಿ ಸಾಹೇಬರ. ಸುಣ್ಣ ನಾನೇ ಹಚ್ಚೀನಿ."

ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತು ಹೊಳೆ ನೋಡುತ್ತ ನಿಂತರು. "ಇಷ್ಟು ಸಣ್ಣ ನೀರು ಅಷ್ಟು ಮೇಲೆ ಹೇಗೆ ಬರುತ್ತೆ?" ಎಂದು ಕೇಳಿದರು.

ತಮ್ಮ ವಿವರಿಸಿದ. ಕಾಗಿಣಾ ಹುಟ್ಟುವುದು ಇಲ್ಲಲ್ಲ, ತೆಲಂಗಾಣದ ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡಗಳಲ್ಲಿ. ಬೆಣ್ಣೆತೊರೆಯಂಥ ಹಳ್ಳಹೊಳೆಗಳೂ ಇದಕ್ಕೆ ಬಂದು ಕೂಡುತ್ತವೆ. ಮುಂದೆ ಇದು ಭೀಮಾ ನದಿಗೆ, ಭೀಮಾ ಕೃಷ್ಣೆಗೆ. ನಮ್ಮೂರಲ್ಲಿ ಬಿಸಿಲಿದ್ದರೂ ಮೇಲಿನ ಸೀಮೆಯಲ್ಲಿ ಮಳೆ ಹೊಡೆದರೆ ಇಲ್ಲಿ ಹೊಳೆ ಏರುತ್ತದೆ. ಕರಿ ಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಆಮೇಲೆ ಬಿದ್ದ ನೀರು ಒಳಗೆ ಇಳಿಯುವುದು ಕಡಿಮೆ. ಅದರಡಿ ಹಾಸುಗಲ್ಲು. ನೀರೆಲ್ಲ ಹೊಳೆಯ ದಾರಿ ಹಿಡಿಯುತ್ತದೆ. ಅದೇ ಕರಿ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಉಬ್ಬಿ ಕುಗ್ಗುವ ನೆಲದ ಮೇಲೆ ಆಳವಿಲ್ಲದ ಪಾಯ ಹಾಕಿದರೆ ಗೋಡೆಯೂ ಬಿರಿಯುತ್ತದೆ.

"ಹಾಗಾದರೆ ಮೇಲಿನ ಎರಡು ಎಕರೆ ಕೊಡ್ತೀರಾ?" ಎಂದರು ಅವರು.

"ಅದು ನಮ್ಮ ಹೊಟ್ಟೀದು" ಎಂದ ತಮ್ಮ. ಮೇಲಿನ ಹೊಲದ ತೊಗರಿಯಿಂದಲೇ ಅವನ ವರ್ಷ ನಡೆಯುವುದು. ಕೆಳಗಿನದು ನೀರು ಬಂದರೆ ಹೊಳೆಗೆ, ಬರದಿದ್ದರೆ ನಮಗೆ.

ಅವರು ಕೈಮುಗಿದು ಹೊರಟರು. ಹೋಗುವಾಗ ಮೊಮ್ಮಗಳ ತಲೆ ಸವರಿ, "ನನ್ನ ದುಡ್ಡು ಉಳಿಸಿದಿಯಮ್ಮ" ಎಂದರು. ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ತಾನು ಏನೋ ತಪ್ಪು ಮಾಡಿದೆನೆಂದು ಮುಖ ಸಣ್ಣದು ಮಾಡಿಕೊಂಡಳು.

ಸಂಜೆ ತನಕ ತಮ್ಮ ಯಾರೊಡನೆಯೂ ಮಾತಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನನ್ನ ಹತ್ತಿರ ಬಂದು ಕುಳಿತ. "ನಾನೇ ಹೇಳಬೇಕಾಗಿತ್ತಕ್ಕಾ. ಆ ಕೂಸಿನ ಬಾಯಿಂದ ಬರೋದ್ರಾಗ ಹೇಳಬೇಕಾಗಿತ್ತು."

"ನಾನೂ ಹೇಳಲಿಲ್ಲಲ್ಲೋ" ಎಂದೆ. ಇಬ್ಬರಿಗೂ ಅಷ್ಟು ಸಾಕಾಯಿತು.

ಆಮೇಲೆ ಲೆಕ್ಕಕ್ಕೆ ಕುಳಿತೆವು. ನನ್ನ ಪಿಂಚಣಿಯಲ್ಲಿ ಕೂಡಿಟ್ಟಿದ್ದರಲ್ಲಿ ಸ್ವಲ್ಪ ಮಾಳಿಗೆಗೆ ಕೊಡುತ್ತೇನೆಂದೆ. ಅವನು ಬೇಡವೆಂದ. "ಈ ಮನಿ ನಂದೂ ಹೌದು. ಹೊಲದಾಗ ಪಾಲು ಅದ ಅಂದಮ್ಯಾಲ ಸೋರೋದ್ರಾಗೂ ಪಾಲು ಇರಬೇಕಲ್ಲ?" ಎಂದಾಗ ಅವನ ಹೆಂಡತಿ ಮೊದಲು ನಕ್ಕಳು. ಈ ವರ್ಷ ಬಾಗಿದ ತೊಲೆಯ ಕಡೆಯ ಅರ್ಧ ಮನೆ, ಮುಂದಿನ ವರ್ಷದ ತೊಗರಿ ಬಂದ ಮೇಲೆ ಉಳಿದರ್ಧ ಎಂದು ತೀರ್ಮಾನವಾಯಿತು. ಪಹಣಿ ತೆಗೆಸಿ ನೋಡಿದರೆ ಹೊಲ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಈಗಿನ ಪಹಣಿಗೆ ಶಾನುಭೋಗರ ಮನೆ ತಿರುಗಬೇಕಾಗಿಲ್ಲ. 'ಭೂಮಿ' ಯೋಜನೆಯಲ್ಲಿ ಎಲ್ಲ ಕಂಪ್ಯೂಟರಿನಲ್ಲಿದೆ. ಆದರೆ ನಾವು ಅರ್ಜಿ ಕೊಡದೆ ಹೆಸರು ತಾನಾಗಿ ಬದಲಾಗುವುದಿಲ್ಲ. ಇಬ್ಬರ ಹೆಸರನ್ನೂ ಸೇರಿಸಲು ಅರ್ಜಿ ಕೊಟ್ಟು ಬಂದೆವು. ನನ್ನ ಸಹಿ ಅದರ ಮೇಲೆ ಬಿತ್ತು.

ಹಳ್ಳಿಯಲ್ಲಿ, ಅದೂ ಹೊಳೆದಂಡೆಯಲ್ಲಿ ತುಂಡು ಭೂಮಿ ಕೊಂಡು ನೆಮ್ಮದಿಯಾಗಿರಬೇಕೆಂಬ ಆಸೆ ಈಗ ಬಹಳ ಹಿರಿಯರಿಗಿದೆ. ಆಸೆ ತಪ್ಪಲ್ಲ. ಪಹಣಿ ನೋಡಿ, ಸಾಲ-ಅಡವು ಇದೆಯೇ ಎಂದು ತಿಳಿಯಲು ಋಣಭಾರ ಪತ್ರ ತೆಗೆಸಿ, ಸರ್ವೆ ಮಾಡಿಸಿ, ಮನೆಯ ಹೆಣ್ಣುಮಕ್ಕಳ ಒಪ್ಪಿಗೆ ಇದೆಯೇ ಕೇಳಿ. ಮನೆ ಕಟ್ಟುವುದಾದರೆ ಭೂ ಪರಿವರ್ತನೆ ಬೇಕು. ನಮ್ಮ ಕಡೆ ಅದಕ್ಕೆ ಎನ್.ಎ. ಮಾಡಿಸುವುದು ಎನ್ನುತ್ತಾರೆ. ಕೋಟೆ, ಗುಡಿಯಂಥ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ಪುರಾತತ್ವ ಇಲಾಖೆಯನ್ನೂ ಕೇಳಿ. ಇಷ್ಟೆಲ್ಲ ಆದ ಮೇಲೆ, ಒಮ್ಮೆ ಮಳೆಗಾಲದಲ್ಲಿ ಹೋಗಿ ನೋಡಿ. ದಂಡೆಯ ಗಿಡಗಳ ಕೊಂಬೆ ನೋಡಿ. ಅಲ್ಲಿಯ ಮುದುಕರನ್ನೂ ಮಕ್ಕಳನ್ನೂ ಮಾತಾಡಿಸಿ. ಚಕ್ಕುಬಂದಿಯಲ್ಲಿ ಮೂರು ಗಡಿ ಇದ್ದಲ್ಲೇ ಇರುತ್ತವೆ. ನಾಲ್ಕನೆಯದು ಹೊಳೆಯಾದರೆ ಅದು ಕಾಗದಕ್ಕೆ ಕಟ್ಟುಬಿದ್ದು ನಿಲ್ಲುವುದಿಲ್ಲ.

ಹಿಂದಿರುಗುವ ಬಸ್ಸು ಸೇತುವೆಯ ಮೇಲೆ ಬಂದಾಗ ಮೊಮ್ಮಗಳು ಕಿಟಕಿಗೆ ಮುಖ ಹಚ್ಚಿದಳು. ಎಮ್ಮೆಗಳು ಅಲ್ಲೇ ಮಲಗಿದ್ದವು. ಈ ಸಲ ಅವಳು "ಇಷ್ಟೇನಾ" ಎನ್ನಲಿಲ್ಲ. ಕತ್ತು ಎತ್ತಿ ದಂಡೆಯ ಗಿಡಗಳ ಮೇಲಿನ ಕೊಂಬೆಗಳನ್ನು ಒಂದೊಂದಾಗಿ ನೋಡತೊಡಗಿದಳು.

"ಆಯಿ, ಅಪ್ಪನ ಆಸ್ತಿಯಲ್ಲಿ ಅಮ್ಮನಿಗೆ ಪಾಲು ಬಂದ ಹಾಗೆ ನನಗೂ ಬರುತ್ತಾ?"

"ಬರ್ತದ" ಎಂದೆ.

"ಹಾಗಾದ್ರೆ ಆ ಜಾಲಿ ಗಿಡ ಕಡಿಬೇಡಿ ಅಂತ ಮುತ್ಯಾಗೆ ಹೇಳಿ" ಎಂದಳು.